ಬಾಗಿಲಿಗೆ ಬಂದ ಮಕ್ಕಳು

ಅಕ್ಟೋಬರ್ ಕೊನೆಯ ವಾರ ಬಂತೆಂದರೆ ಪುಣೆಯ ಹಿಂಜವಾಡಿ, ವಾಕಡ, ಮಾರುಂಜಿ ಕಡೆಯ ದೊಡ್ಡ ಸೊಸೈಟಿಗಳ ವಾಟ್ಸಾಪ್ ಗುಂಪುಗಳಲ್ಲಿ ಒಂದು ಯಾದಿ ಓಡಾಡತೊಡಗುತ್ತದೆ. 31ರ ಹ್ಯಾಲೊವೀನ್ ಸಂಜೆ ದೆವ್ವ, ಮಾಟಗಾತಿ, ಅಸ್ಥಿಪಂಜರದ ವೇಷ ಹಾಕಿದ ಮಕ್ಕಳು ಬಂದರೆ ಯಾವ ಯಾವ ಫ್ಲ್ಯಾಟಿನವರು ಬಾಗಿಲು ತೆರೆದು ಚಾಕೊಲೇಟ್ ಕೊಡುತ್ತಾರೆ ಎಂಬ ಯಾದಿ. ಅದರ ಬೆನ್ನಿಗೇ ಸೂಚನೆಗಳು: ಬಿಡಿ ಮಿಠಾಯಿ ಬೇಡ, ಕಂಪನಿಯ ಹೊದಿಕೆ ಇದ್ದದ್ದನ್ನೇ ಕೊಡಿ, ಚಿಕ್ಕವರನ್ನು ಲಿಫ್ಟಿನಲ್ಲಿ ಒಂಟಿಯಾಗಿ ಬಿಡಬೇಡಿ, ಮನೆಗೆ ತಂದದ್ದನ್ನು ದೊಡ್ಡವರು ನೋಡಿದ ಮೇಲೆಯೇ ತಿನ್ನಲು ಕೊಡಿ. ಧಾರವಾಡ, ವಿಜಯಪುರ, ಮೈಸೂರು, ಉಡುಪಿಗಳಿಂದ ಬಂದು ಇಲ್ಲಿನ ಸಾಫ್ಟ್‌ವೇರ್ ಕಂಪನಿಗಳಲ್ಲಿ ದುಡಿಯುವ ಕನ್ನಡದ ಮನೆಗಳೂ ಆ ಯಾದಿಯಲ್ಲಿವೆ. ಈ ಹಬ್ಬದ ಬಗ್ಗೆ ಅವರಲ್ಲಿ ಎರಡು ಬಗೆಯ ಮಾತು ಕೇಳಿಬರುತ್ತದೆ. ಇದು ಅಮೆರಿಕದ ನಕಲು, ನಮ್ಮ ಮಕ್ಕಳು ಮನೆಮನೆಗೆ ಹೋಗಿ ಬೇಡುವುದು ಯಾವ ಕಾಲದಲ್ಲಿತ್ತು ಎನ್ನುವುದು ಒಂದು. ಕಾಲ ಕೆಟ್ಟಿದೆ, ಅಪರಿಚಿತರು ಕೊಟ್ಟದ್ದನ್ನು ಮಕ್ಕಳ ಬಾಯಿಗೆ ಹೇಗೆ ಹಾಕುವುದು ಎನ್ನುವುದು ಇನ್ನೊಂದು. ಇತಿಹಾಸದ ಎದುರು ಇಟ್ಟು ನೋಡಿದರೆ ಎರಡೂ ನಿಲ್ಲುವುದಿಲ್ಲ. ಮಕ್ಕಳು ಹಬ್ಬದ ದಿನ ಬಾಗಿಲು ಬಾಗಿಲಿಗೆ ಹೋಗುವ ರೂಢಿ ಕನ್ನಡನಾಡಿನ ಮೂಲೆಮೂಲೆಯಲ್ಲೂ ಇತ್ತು; ಹಾಗೆ ಹೋದ ಮಕ್ಕಳನ್ನು ಕಾಯುವ ಏರ್ಪಾಡೂ ಅದರೊಳಗೇ ಹೆಣೆದುಕೊಂಡಿತ್ತು. ಕೈಗೆ ಬಿದ್ದ ತಿನಿಸನ್ನು ಆ ಏರ್ಪಾಡು ಪರೀಕ್ಷೆ ಮಾಡಲು ಹೋಗಲಿಲ್ಲ. ಮಗು ಯಾರ ಜೊತೆ ಹೊರಟಿತು, ಎಷ್ಟು ಹೊತ್ತಿಗೆ, ಎಷ್ಟು ಗದ್ದಲ ಮಾಡಿಕೊಂಡು, ಮನೆಯ ಯಾವ ಜಾಗದವರೆಗೆ ಹೋಯಿತು ಎಂಬುದನ್ನು ಅದು ಕಟ್ಟುನಿಟ್ಟು ಮಾಡಿತ್ತು.

ಮೊದಲು ನಕಲಿನ ಮಾತು. ಉತ್ತರ ಕರ್ನಾಟಕದಲ್ಲಿ ಮಣ್ಣೆತ್ತಿನ ಅಮಾವಾಸ್ಯೆ ಮುಗಿದ ಮೇಲೆ ಹುಡುಗರು ಕಾಲು ಮುರಿದ ಮಣ್ಣಿನ ಎತ್ತೊಂದನ್ನು ಹಿಡಿದುಕೊಂಡು, ಪಾಪ ಎತ್ತು ಕುಂಟಾಯಿತು ಎಂದು ಹಾಡುತ್ತ ಮನೆಮನೆಗೆ ಹೋಗಿ ಜೋಳ, ಚಿಲ್ಲರೆ ಬೇಡುತ್ತಿದ್ದರು. ಮಳೆ ಕೈಕೊಟ್ಟ ವರ್ಷ ಗುರ್ಜಿ ಹೊರಡುತ್ತಿತ್ತು: ರೊಟ್ಟಿಯ ಹಂಚಿನ ಮೇಲೆ ಸಗಣಿಯ ಗುರ್ಜಿಯನ್ನು ಕೂರಿಸಿ ಒಬ್ಬ ಹುಡುಗನ ತಲೆಯ ಮೇಲೆ ಹೊರಿಸುವುದು, ಮನೆಯವರು ಅದರ ಮೇಲೆ ಕೊಡ ನೀರು ಸುರಿದು ಹಿಟ್ಟೋ ಕಾಳೋ ನೀಡುವುದು, ಕೂಡಿಸಿದ್ದನ್ನು ಬೇಯಿಸಿ ಎಲ್ಲರೂ ಉಣ್ಣುವುದು. ಆಷಾಢದ ಮಂಗಳವಾರಗಳಲ್ಲಿ ಹೆಣ್ಣುಮಕ್ಕಳು ಗುಳ್ಳವ್ವನನ್ನು ಆಡಿಸುತ್ತಿದ್ದರು. ಹೋಳಿಯಲ್ಲಿ ಕಾಮಣ್ಣನ ಹೆಸರಿನಲ್ಲಿ ಕಟ್ಟಿಗೆ, ಕುಳ್ಳು ಕೇಳುವುದು, ಕೊಡದಿದ್ದರೆ ರಾತ್ರಿ ಕದಿಯುವುದು ಗೊತ್ತಿದ್ದದ್ದೇ. ಮಲೆನಾಡು, ಉತ್ತರ ಕನ್ನಡಗಳಲ್ಲಿ ದೀಪಾವಳಿಯ ಬೂರೆಗಳವು ಕೂಡ ಅದೇ ಜಾತಿಯದು. ಸೌತೆ, ತೆಂಗು, ಬಾಳೆಗೊನೆ ಹೋದರೆ ಮನೆಯವರು ಬೆಳಿಗ್ಗೆ ಬೈದು ಸುಮ್ಮನಾಗುತ್ತಿದ್ದರು. ಕೊಟ್ಟರೆ ಸರಿ, ಇಲ್ಲದಿದ್ದರೆ ಚೇಷ್ಟೆ ಎಂಬ ಒಪ್ಪಂದವನ್ನು ಕಲಿಯಲು ಕನ್ನಡದ ಹುಡುಗರು ಅಮೆರಿಕದ ಸಿನಿಮಾ ಬರುವವರೆಗೆ ಕಾಯಬೇಕಾಗಿರಲಿಲ್ಲ.

ಇವುಗಳಲ್ಲೆಲ್ಲ ಮಕ್ಕಳ ಕಾವಲಿನ ದೃಷ್ಟಿಯಿಂದ ಹೆಚ್ಚು ವ್ಯವಸ್ಥಿತವಾಗಿದ್ದದ್ದು ಮಹಾನವಮಿಯ ಚೌಪದ. ಹಳೆಯ ಕೂಲಿಮಠಗಳ, ಅಂದರೆ ಊರ ಶಾಲೆಗಳ, ಅಯ್ಯನವರು ನವರಾತ್ರಿಯ ದಿನಗಳಲ್ಲಿ ತಮ್ಮ ಹುಡುಗರನ್ನು ಮಡಿ ಬಟ್ಟೆ ಉಡಿಸಿ, ಸಾಲು ಕಟ್ಟಿಸಿ ಊರೊಳಗೆ ಹೊರಡಿಸುತ್ತಿದ್ದರು. ಪ್ರತಿ ಮನೆಯ ಮುಂದೆ ನಿಂತು ಚೌಪದದ ಹಾಡು ಹೇಳಿಸುವುದು, ಮನೆಯವರು ಅಯ್ಯನವರಿಗೆ ದುಡ್ಡು, ಧಾನ್ಯ, ಬಟ್ಟೆ ಕೊಡುವುದು, ಮಕ್ಕಳಿಗೆ ತಿನಿಸು ಹಂಚುವುದು. ಆಂಧ್ರದ ಕಡೆಯ ದಸರಾ ಹಾಡು ಈ ಲೆಕ್ಕವನ್ನು ಮುಚ್ಚುಮರೆಯಿಲ್ಲದೆ ಹೇಳಿಬಿಡುತ್ತದೆ: ಗುರುವಿಗೆ ವರಹ, ಮಕ್ಕಳಿಗೆ ಹುರಿಗಡಲೆ ಬೆಲ್ಲ. ಗಡಿಯ ಜಿಲ್ಲೆಗಳಲ್ಲಿ ಎರಡು ಭಾಷೆಯ ಮಠಗಳೂ ಅಕ್ಕಪಕ್ಕದಲ್ಲೇ ಇದ್ದವು. ಮದ್ರಾಸಿನ ಗವರ್ನರ್ ಥಾಮಸ್ ಮನ್ರೋ ಹೊರಡಿಸಿದ ವಿಚಾರಣೆಗೆ ಉತ್ತರವಾಗಿ ಬಳ್ಳಾರಿಯ ಕಲೆಕ್ಟರ್ ಎ. ಡಿ. ಕ್ಯಾಂಪ್‌ಬೆಲ್ 1823ರ ಆಗಸ್ಟ್‌ನಲ್ಲಿ ಬರೆದ ವರದಿಯ ಪ್ರಕಾರ ಆಗಿನ ಬಳ್ಳಾರಿ ಜಿಲ್ಲೆಯಲ್ಲಿ 533 ಶಾಲೆಗಳು. ಅದರಲ್ಲಿ ಕನ್ನಡದವು 235, ತೆಲುಗಿನವು 226. ಕಲಿಯುತ್ತಿದ್ದವರು 6,641 ಮಂದಿ, ಅವರಲ್ಲಿ ಹುಡುಗಿಯರು 60. ಒಂಬತ್ತು ಲಕ್ಷ ಮೀರಿದ ಜನಸಂಖ್ಯೆಗೆ ಇದು ಎಷ್ಟು ಕಡಿಮೆ ಎಂದು ಕ್ಯಾಂಪ್‌ಬೆಲ್‌ ಕೂಡ ಕೊರಗಿದ್ದಾನೆ. ಆದರೆ ಒಂದೊಂದು ಮಠಕ್ಕೆ ಸರಾಸರಿ ಹನ್ನೆರಡು ಹದಿಮೂರು ಮಕ್ಕಳು ಬರುತ್ತಾರೆ ಎಂಬುದು ನಮ್ಮ ಪ್ರಶ್ನೆಗೆ ಮುಖ್ಯ. ಒಬ್ಬ ಅಯ್ಯನವರು ಕಣ್ಣಳತೆಯಲ್ಲಿ ಇಟ್ಟುಕೊಳ್ಳಬಹುದಾದಷ್ಟೇ ಮಕ್ಕಳು. ಜೊತೆಗೆ ದೊಡ್ಡ ಹುಡುಗರು ಚಿಕ್ಕವರಿಗೆ ಪಾಠ ಹೇಳುವ ಪದ್ಧತಿಯನ್ನೂ ಕ್ಯಾಂಪ್‌ಬೆಲ್ ವಿವರಿಸುತ್ತಾನೆ. ಮದ್ರಾಸಿನಲ್ಲಿ ಇದೇ ಪದ್ಧತಿಯನ್ನು ಕಂಡ ಆಂಡ್ರ್ಯೂ ಬೆಲ್ ಅದನ್ನು ಇಂಗ್ಲೆಂಡಿಗೆ ಒಯ್ದು ಹೆಸರು ಮಾಡಿದ. ವರ್ಷವಿಡೀ ಚಿಕ್ಕವನ ಮರಳಕ್ಷರ ತಿದ್ದಿಸಿದ ದೊಡ್ಡ ಹುಡುಗನಿಗೆ ದಸರೆಯ ಸಾಲಿನಲ್ಲಿ ಅವನ ಮೇಲೊಂದು ಕಣ್ಣಿಡು ಎಂದು ಬೇರೆ ಹೇಳಬೇಕಾಗಿರಲಿಲ್ಲ.

ಅಯ್ಯನವರು ಯಾಕೆ ಇಷ್ಟು ಜತನದಿಂದ ಮಕ್ಕಳನ್ನು ಊರು ಸುತ್ತಿಸುತ್ತಿದ್ದರು ಎಂಬುದಕ್ಕೆ ವಾತ್ಸಲ್ಯಕ್ಕಿಂತ ಗಟ್ಟಿಯಾದ ಕಾರಣವೊಂದಿತ್ತು. ಅವರಿಗೆ ಸಂಬಳವಿರಲಿಲ್ಲ. ತಿಂಗಳಿಗೆ ಇಂತಿಷ್ಟು ಕಾಸು, ಅಮಾವಾಸ್ಯೆ ಹುಣ್ಣಿಮೆಗೆ ಅಕ್ಕಿ ಬೇಳೆ, ಹಬ್ಬಕ್ಕೆ ಧೋತರ ಎಂದು ಪಾಲಕರು ಕೊಟ್ಟದ್ದೇ ಜೀವನ. ದಸರೆಯ ಸಂಭಾವನೆ ಆ ಗಳಿಕೆಯ ಒಂದು ದೊಡ್ಡ ಭಾಗ. ಒಬ್ಬ ಹುಡುಗ ಬಾವಿಗೆ ಬಿದ್ದರೆ, ಎತ್ತಿನ ಗಾಡಿಗೆ ಸಿಕ್ಕರೆ, ಜಾತ್ರೆಯ ಗದ್ದಲದಲ್ಲಿ ತಪ್ಪಿಸಿಕೊಂಡರೆ ಮಠವೇ ಮುಚ್ಚುತ್ತಿತ್ತು. ಹೀಗೆ ಮಕ್ಕಳ ಕ್ಷೇಮವೂ ಅಯ್ಯನವರ ಹೊಟ್ಟೆಪಾಡೂ ಒಂದೇ ದಾರಕ್ಕೆ ಪೋಣಿಸಿದ್ದವು. ಇದನ್ನು ತುಸು ಕಠೋರವಾಗಿ ಹೇಳಿದಂತೆ ಅನ್ನಿಸಬಹುದು. ಆದರೆ ಮಕ್ಕಳನ್ನು ಯಾರು ಕಾಯುತ್ತಾರೆ ಎಂಬ ಪ್ರಶ್ನೆಗೆ ಒಳ್ಳೆಯವರು ಎಂದು ಉತ್ತರ ಕೊಡುವುದಕ್ಕಿಂತ, ಕಾಯದಿದ್ದರೆ ನಷ್ಟ ಅನುಭವಿಸುವವರು ಎಂದು ಉತ್ತರ ಕೊಡುವುದು ಹೆಚ್ಚು ಭರವಸೆಯದು. 1855ರಲ್ಲಿ ಮುಂಬೈ ಇಲಾಖೆಯಲ್ಲಿ, 1857ರಲ್ಲಿ ಮೈಸೂರಿನಲ್ಲಿ ಸರಕಾರಿ ಶಿಕ್ಷಣ ಇಲಾಖೆಗಳು ಹುಟ್ಟಿದವು. ಸಂಬಳದ ಮಾಸ್ತರರು ಬಂದರು. ಸಂಬಳ ಬಂದ ಮೇಲೆ ಬಾಗಿಲ ಸಂಭಾವನೆ ಮರ್ಯಾದೆಗೆ ಕುಂದು ಎನ್ನಿಸತೊಡಗಿತು. ಕೂಲಿಮಠಗಳು ಒಂದೊಂದಾಗಿ ಮುಚ್ಚಿದಂತೆ ಚೌಪದದ ಸಾಲೂ ಕರಗಿತು. ಅದರ ಜೊತೆಗೆ ಊರಿನ ಮಕ್ಕಳನ್ನು ಗುಂಪಾಗಿ ಬಾಗಿಲಿಂದ ಬಾಗಿಲಿಗೆ ನಡೆಸುವ, ಹೆಚ್ಚು ಕಡಿಮೆಯಾದರೆ ಉತ್ತರ ಕೊಡಬೇಕಾದ ಒಬ್ಬ ಹಿರಿಯನ ಸ್ಥಾನವೂ ಖಾಲಿಯಾಯಿತು.

ಕರಾವಳಿಯಲ್ಲಿ ಅದೇ ಮಠದ ಸಂಪ್ರದಾಯ ಹೂವಿನಕೋಲು ಎಂಬ ಚೆಂದದ ರೂಪ ತಾಳಿತ್ತು. ಕುಂದಾಪುರ, ಉಡುಪಿ ಕಡೆ ನವರಾತ್ರಿಯಲ್ಲಿ ಒಬ್ಬ ಭಾಗವತ, ಒಬ್ಬ ಮದ್ದಳೆಯವ, ಹೂವಿನಿಂದ ಸಿಂಗರಿಸಿದ ಕೋಲು ಹಿಡಿದ ಹುಡುಗರು ಮನೆಮನೆಗೆ ಹೋಗುತ್ತಾರೆ. ಮನೆಯ ಚಾವಡಿಯಲ್ಲಿ ದೀಪ ಹಚ್ಚಿಟ್ಟು ಹುಡುಗರು ಎದುರುಬದುರಾಗಿ ಕೂತುಕೊಳ್ಳುತ್ತಾರೆ. ಭಾಗವತರು ಪದ ಎತ್ತಿದರೆ ಒಬ್ಬ ಕೃಷ್ಣನಾಗಿ, ಇನ್ನೊಬ್ಬ ಸುಧನ್ವನಾಗಿ ಅರ್ಥ ಹೇಳಬೇಕು. ಮನೆಯವರು, ನೆರೆಹೊರೆಯವರು ಸುತ್ತ ಕೂತು ಕೇಳುತ್ತಾರೆ. ಮುಗಿದ ಮೇಲೆ ಅಕ್ಕಿ, ತೆಂಗಿನಕಾಯಿ, ಕಾಣಿಕೆ. ಐಗಳು, ಅಂದರೆ ಅಲ್ಲಿನ ಅಯ್ಯನವರು, ತಮ್ಮ ಹುಡುಗರ ಕಲಿಕೆಯನ್ನು ಊರಿಗೆ ಒಪ್ಪಿಸುವ ಪರೀಕ್ಷೆಯಾಗಿಯೂ ಇದು ನಡೆಯುತ್ತಿತ್ತು. ನಿಂತುಹೋಗುವಂತಿದ್ದ ಈ ರೂಪವನ್ನು ಸಾಲಿಗ್ರಾಮ ಮಕ್ಕಳ ಮೇಳದಂಥ ತಂಡಗಳು ಉಳಿಸಿಕೊಂಡಿವೆ. ಇದರ ರಚನೆಯನ್ನೇ ಸ್ವಲ್ಪ ನೋಡಿ. ಮಗು ಮನೆಯೊಳಗೆ ಬರುತ್ತದೆ, ಆದರೆ ಚಾವಡಿಯವರೆಗೆ ಮಾತ್ರ, ಎಲ್ಲರೂ ಕೂತಿರುವ ಜಾಗಕ್ಕೆ. ಅದರ ಜೊತೆ ಇಬ್ಬರು ದೊಡ್ಡವರು. ಅದು ಬಂದದ್ದು ಮದ್ದಳೆಯ ಸದ್ದಿನಿಂದ ಅರ್ಧ ಫರ್ಲಾಂಗಿಗೆ ಗೊತ್ತು. ಅದು ಒಳಗಿದ್ದಷ್ಟು ಹೊತ್ತೂ ಹಾಡು ಮಾತು ಹೊರಗೆ ಕೇಳುತ್ತಿರುತ್ತದೆ. ನಿಂತರೆ ಯಾಕೆ ನಿಂತಿತು ಎಂದು ಪಕ್ಕದ ಮನೆಯವರು ಕತ್ತು ಹೊರಳಿಸುತ್ತಾರೆ. ಕಾಣಿಕೆ ಮಗುವಿನ ಕೈಗೆ ಬೀಳದೆ ಹರಿವಾಣಕ್ಕೆ ಬೀಳುತ್ತದೆ. ಕ್ಯಾಮೆರಾ ಇಲ್ಲದ ಕಾಲದ ಕಾವಲು ಇದಕ್ಕಿಂತ ಚೆನ್ನಾಗಿ ಹೇಗಿರಬೇಕಿತ್ತು?

ಹೆಣ್ಣುಮಕ್ಕಳ ಹಬ್ಬಗಳಲ್ಲಿ ಕಾವಲಿನ ಬಗೆ ಬೇರೆ. ಹಳೆಯ ಮೈಸೂರಿನ ಸಂಕ್ರಾಂತಿಯಲ್ಲಿ ರೇಷ್ಮೆ ಲಂಗ ಉಟ್ಟ ಹುಡುಗಿ ಎಳ್ಳು, ಬೆಲ್ಲ, ಕೊಬ್ಬರಿ, ಕಡಲೆಕಾಯಿ ಬೀಜ, ಹುರಿಗಡಲೆಯ ಮಿಶ್ರಣ, ಸಕ್ಕರೆ ಅಚ್ಚು, ಕಬ್ಬಿನ ತುಂಡು ಇಟ್ಟ ತಟ್ಟೆ ಹಿಡಿದು ಎಳ್ಳು ಬೀರಲು ಹೋಗುತ್ತಾಳೆ. ಇಲ್ಲಿ ಮಗು ಬೇಡುವುದಿಲ್ಲ, ಕೊಡುತ್ತದೆ. ಕೊಟ್ಟ ಮನೆಯಿಂದ ತಟ್ಟೆ ಬರಿದಾಗಿ ಮರಳುವಂತಿಲ್ಲ. ಯಾವ ಮನೆಗೆ ಬೀರಬೇಕು ಎಂಬ ಪಟ್ಟಿ ಅಮ್ಮನ ತಲೆಯಲ್ಲಿ ಇರುತ್ತದೆ, ಅವರು ತಮ್ಮ ಮನೆಗೆ ಬೀರಿದ್ದರೇ ಎಂಬ ಲೆಕ್ಕದ ಸಮೇತ. ಪುಣೆಯ ಭೋಂಡ್ಲಾ ಇನ್ನೂ ಬಿಗಿ. ನವರಾತ್ರಿಯ ದಿನಗಳಲ್ಲಿ ಹುಡುಗಿಯರು ಮಣೆಯ ಮೇಲೆ ಆನೆಯ ಚಿತ್ರ ಬರೆದಿಟ್ಟು ಅದರ ಸುತ್ತ ಕೈಕೈ ಹಿಡಿದು ಸುತ್ತುತ್ತ ಹಾಡುತ್ತಾರೆ. ಒಂದೊಂದು ಸಂಜೆ ಒಬ್ಬೊಬ್ಬರ ಮನೆಯಂಗಳ. ಕೊನೆಗೆ ಖಿರಾಪತ್, ಅಂದರೆ ಮುಚ್ಚಿಟ್ಟ ಡಬ್ಬಿಯಲ್ಲಿ ಏನು ತಿಂಡಿ ಇದೆ ಎಂದು ಊಹಿಸುವ ಆಟ, ಊಹಿಸಿದ ಮೇಲೆ ತಿನ್ನುವ ಸಂಭ್ರಮ. ಕೊಲ್ಹಾಪುರ, ಸಾಂಗಲಿ ಕಡೆ ಇದಕ್ಕೆ ಹಾದಗಾ ಎನ್ನುತ್ತಾರೆ. ಇಲ್ಲಿ ತಿಂಡಿ ಕೊಡುವವಳು ನಿನ್ನೆ ತಿಂದವಳ ತಾಯಿ, ನಾಳೆ ತಿನ್ನುವವಳ ನೆರೆಯವಳು. ಹಿಂಜವಾಡಿಯ ಸೊಸೈಟಿಯ ಯಾದಿಯನ್ನು ನಗೆಯಾಡುವವರು ಇದನ್ನು ಗಮನಿಸಬೇಕು. ಬಾಗಿಲು ತೆರೆಯುವವರ ಹೆಸರು ಮೊದಲೇ ಗೊತ್ತಿರಲಿ, ನನ್ನ ಮಗುವಿಗೆ ಕೊಡುವವರ ಮಗುವಿಗೆ ನಾನೂ ಕೊಡುತ್ತೇನೆ ಎಂಬ ಅದರ ತರ್ಕ ಎಳ್ಳು ಬೀರುವ ತಟ್ಟೆಯ ತರ್ಕವೇ.

ಇನ್ನು ವಿಷದ ಭಯ. ಹೊದಿಕೆ ಇದ್ದದ್ದೇ ಕೊಡಿ, ಎಲ್ಲವನ್ನೂ ಪರೀಕ್ಷಿಸಿ ಎಂಬ ಸೂಚನೆಗಳು ಅಮೆರಿಕದಿಂದ ವೇಷದ ಜೊತೆಗೇ ಪಾರ್ಸೆಲ್ ಆಗಿ ಬಂದವು. ಅಲ್ಲಿ ಆ ಭಯ ಬೆಳೆದ ಕತೆ ಕುತೂಹಲಕರ. 1920, 30ರ ದಶಕಗಳಲ್ಲಿ ಹ್ಯಾಲೊವೀನ್ ರಾತ್ರಿ ಅಮೆರಿಕದ ಊರುಗಳಿಗೆ ತಲೆನೋವಾಗಿದ್ದದ್ದು ಹುಡುಗರ ಪುಂಡಾಟಿಕೆಯಿಂದ. ಬೇಲಿ ಕೀಳುವುದು, ಕಿಟಕಿ ಒಡೆಯುವುದು, ಬೀದಿ ದೀಪ ಆರಿಸುವುದು. ಚೇಷ್ಟೆಯ ಬದಲು ತಿನಿಸು ಎಂಬ ವಿನಿಮಯವನ್ನು ಊರಿನವರು ಉತ್ತೇಜಿಸಿದ್ದು ಮನೆಗಳನ್ನು ಮಕ್ಕಳಿಂದ ಕಾಪಾಡಲು. ಮಕ್ಕಳನ್ನು ಮನೆಗಳಿಂದ ಕಾಪಾಡಬೇಕು ಎಂಬ ಮಾತು ದೊಡ್ಡದಾದದ್ದು 1970ರ ದಶಕದ ಸುಮಾರಿಗೆ. 1974ರಲ್ಲಿ ಟೆಕ್ಸಾಸ್‌ನ ಡಿಯರ್ ಪಾರ್ಕ್‌ನಲ್ಲಿ ಎಂಟು ವರ್ಷದ ಹುಡುಗನೊಬ್ಬ ಹ್ಯಾಲೊವೀನ್ ಮಿಠಾಯಿ ತಿಂದು ಸತ್ತ. ಅದರಲ್ಲಿ ಸೈನೈಡ್ ಇತ್ತು. ದೇಶವೆಲ್ಲ ಬೆಚ್ಚಿತು. ವಿಷ ಹಾಕಿದ್ದು ಯಾವುದೋ ಅಪರಿಚಿತ ಬಾಗಿಲಲ್ಲ, ವಿಮೆಯ ಹಣಕ್ಕಾಗಿ ಹುಡುಗನ ತಂದೆಯೇ ಹಾಕಿದ್ದ ಎಂದು ವಿಚಾರಣೆಯಲ್ಲಿ ಸಾಬೀತಾಯಿತು. 1984ರಲ್ಲಿ ಅವನಿಗೆ ಮರಣದಂಡನೆಯಾಯಿತು. 1985ರಲ್ಲಿ ಸಮಾಜಶಾಸ್ತ್ರಜ್ಞರಾದ ಜೋಯೆಲ್ ಬೆಸ್ಟ್ ಮತ್ತು ಜೆರಾಲ್ಡ್ ಹೊರಿಯುಚಿ 1958ರಿಂದ ಈಚಿನ ಪತ್ರಿಕಾ ವರದಿಗಳನ್ನೆಲ್ಲ ಜಾಲಾಡಿದರು. ಅಪರಿಚಿತರು ಬಾಗಿಲಲ್ಲಿ ಕೊಟ್ಟ ಮಿಠಾಯಿಯಿಂದ ಮಗು ಸತ್ತ ಅಥವಾ ತೀವ್ರವಾಗಿ ಗಾಯಗೊಂಡ ಒಂದೇ ಒಂದು ಖಚಿತ ಪ್ರಕರಣ ಅವರಿಗೆ ಸಿಗಲಿಲ್ಲ. ಆದರೂ ಭಯ ಉಳಿಯಿತು, ಸಮುದ್ರ ದಾಟಿ ಮುಳಶಿ ತಾಲ್ಲೂಕಿನ ಹಿಂಜವಾಡಿಯವರೆಗೂ ಬಂತು. ಒಂದು ಸಂಜೆ ಕೂತು ಚಾಕೊಲೇಟ್ ಹೊದಿಕೆಗಳನ್ನು ಬೆಳಕಿಗೆ ಹಿಡಿದು ನೋಡುವುದರಿಂದ ನಷ್ಟವೇನಿಲ್ಲ, ನಿಜ. ಆದರೆ ಎಚ್ಚರಿಕೆಯೆಲ್ಲ ಅಲ್ಲೇ ಖರ್ಚಾಗಿಬಿಟ್ಟರೆ ಬೇರೆ ಕಡೆ ಏನೂ ಉಳಿಯುವುದಿಲ್ಲ.

ಇಲ್ಲಿ ಒಂದು ಆಕ್ಷೇಪಣೆ ಬರುತ್ತದೆ, ಅದು ಹಗುರವಾದದ್ದಲ್ಲ. ಅಯ್ಯನವರನ್ನು ಕಾವಲಿನ ಮಾದರಿ ಎಂದು ಹೊಗಳುವವರು ಅವರ ಕೋದಂಡದ ಶಿಕ್ಷೆಯನ್ನು ಮರೆತಿದ್ದಾರೆಯೇ? ಬಳ್ಳಾರಿಯ ಅದೇ ವರದಿಯಲ್ಲಿ ಕ್ಯಾಂಪ್‌ಬೆಲ್ ಬೆಳಗಿನ ಹಾಜರಿಯ ಕ್ರಮವನ್ನು ಬಣ್ಣಿಸುತ್ತಾನೆ: ಮೊದಲು ಬಂದ ಹುಡುಗನ ಅಂಗೈ ಮೇಲೆ ಸರಸ್ವತಿಯ ಹೆಸರು, ಎರಡನೆಯವನಿಗೆ ಸೊನ್ನೆ, ಮೂರನೆಯವನಿಗೆ ಒಂದು ಏಟು, ನಾಲ್ಕನೆಯವನಿಗೆ ಎರಡು, ಹೀಗೆ ತಡವಾದಂತೆ ಒಂದೊಂದು ಹೆಚ್ಚು. ಸೋಮಾರಿಗಳನ್ನು ಎರಡೂ ಕೈ ಕಟ್ಟಿ ರಾಟೆಯಿಂದ ಮಾಡಿಗೆ ಎಳೆದು ತೂಗುಹಾಕುವುದು, ಬಿಡದೆ ಬಸ್ಕಿ ಹೊಡೆಸುವುದು ಕೂಡ ಅದರಲ್ಲಿದೆ. ಬೀದಿಯಲ್ಲಿ ಮಗುವನ್ನು ಗಾಜಿನಂತೆ ನೋಡಿಕೊಂಡ ಮನುಷ್ಯನೇ ಮಠದ ಬಾಗಿಲು ಮುಚ್ಚಿದ ಮೇಲೆ ಅದನ್ನು ಜಂತಿಗೆ ನೇತುಹಾಕುತ್ತಿದ್ದ. ಇದನ್ನು ಒಪ್ಪಿಕೊಳ್ಳದೆ ಹಳೆಯದನ್ನು ಹೊಗಳುವಂತಿಲ್ಲ. ಆದರೆ ಇದರಿಂದ ವಾದ ಬೀಳುವುದಿಲ್ಲ. ಬೀದಿಯಲ್ಲಿ ಅದೇ ಅಯ್ಯನವರ ಕೈ ಕಟ್ಟಿದ್ದು ಏನು ಎಂಬುದು ಇನ್ನಷ್ಟು ಸ್ಪಷ್ಟವಾಗುತ್ತದೆ. ಅಲ್ಲಿ ಊರು ನೋಡುತ್ತಿತ್ತು, ಮಠದೊಳಗೆ ಯಾರೂ ನೋಡುತ್ತಿರಲಿಲ್ಲ. ಗೊತ್ತಿರುವವರು ಎಂಬ ಮಾತ್ರಕ್ಕೆ ನಂಬಬಾರದು ಎನ್ನುವುದಕ್ಕೆ ಇಂದಿನ ಲೆಕ್ಕವೂ ಸಾಕ್ಷಿ. ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 13 ರಾಜ್ಯಗಳ 12,447 ಮಕ್ಕಳನ್ನು ಮಾತಾಡಿಸಿದ್ದರು; ಅರ್ಧಕ್ಕೂ ಹೆಚ್ಚು, ಅಂದರೆ 53.22 ಪ್ರತಿಶತ ಮಕ್ಕಳು ಒಂದಲ್ಲ ಒಂದು ಬಗೆಯ ಲೈಂಗಿಕ ಕಿರುಕುಳ ಅನುಭವಿಸಿದ್ದಾಗಿ ಹೇಳಿದರು, ಕಿರುಕುಳ ಕೊಟ್ಟವರಲ್ಲಿ ಅರ್ಧದಷ್ಟು ಮಂದಿ ಮಗುವಿಗೆ ಪರಿಚಿತರು. 2012ರ ಪೋಕ್ಸೊ ಕಾಯ್ದೆಯಡಿ ದಾಖಲಾಗುವ ಅತ್ಯಾಚಾರದ ಪ್ರಕರಣಗಳಲ್ಲಂತೂ ಆರೋಪಿಗಳ ಪೈಕಿ ಪರಿಚಿತರೇ 90 ಪ್ರತಿಶತಕ್ಕೂ ಮಿಕ್ಕಿ ಎಂದು ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊದ ವರದಿಗಳು ಹೇಳುತ್ತವೆ. ಆದ್ದರಿಂದ ಸೊಸೈಟಿಯ ಯಾದಿಯಲ್ಲಿ ಹೆಸರಿದೆ ಎಂಬುದು ಅರ್ಧ ಭರವಸೆ ಮಾತ್ರ. ಉಳಿದರ್ಧ ಹೂವಿನಕೋಲಿನ ನಿಯಮಗಳಲ್ಲಿದೆ: ಒಂಟಿಯಾಗಿ ಹೋಗಬಾರದು, ಎಲ್ಲರಿಗೂ ಕಾಣುವ ಜಾಗ ಬಿಟ್ಟು ಒಳಗೆ ಕಾಲಿಡಬಾರದು, ಸದ್ದು ನಿಲ್ಲಬಾರದು. ಚಾಕೊಲೇಟಿನ ಬುಟ್ಟಿ ಬಾಗಿಲ ಹೊರಗಿನ ಸ್ಟೂಲಿನ ಮೇಲಿದ್ದರೆ, ಒಳಗೆ ಬಾ ಮರಿ ಎಂದು ಕರೆಯುವ ಅಂಕಲ್ ಒಳ್ಳೆಯವನೋ ಕೆಟ್ಟವನೋ ಎಂದು ಆರು ವರ್ಷದ ಮಗು ತೀರ್ಮಾನ ಮಾಡಬೇಕಾದ ಪ್ರಸಂಗವೇ ಬರುವುದಿಲ್ಲ.

ಎರಡನೆಯ ಆಕ್ಷೇಪಣೆ ಇದಕ್ಕಿಂತ ಆಳದ್ದು. ಆ ಬೀದಿ ಯಾರ ಮಕ್ಕಳಿಗೆ ಸುರಕ್ಷಿತವಾಗಿತ್ತು? ಚೌಪದದ ಸಾಲಿನಲ್ಲಿ ನಿಲ್ಲಲು ಮೊದಲು ಮಠಕ್ಕೆ ಸೇರಬೇಕು. 1856ರ ಜೂನ್‌ನಲ್ಲಿ ಧಾರವಾಡದ ಸರಕಾರಿ ಶಾಲೆಗೆ ಸೇರಿಸಿಕೊಳ್ಳಿ ಎಂದು ಮಹಾರ ಸಮುದಾಯದ ಹುಡುಗನೊಬ್ಬ ಅರ್ಜಿ ಕೊಟ್ಟ. ಉಳಿದ ಜಾತಿಯವರು ಮಕ್ಕಳನ್ನು ಬಿಡಿಸಿಕೊಂಡು ಹೋಗುತ್ತಾರೆಂಬ ಕಾರಣಕ್ಕೆ ಮುಂಬೈ ಸರಕಾರ ಅವನನ್ನು ಸೇರಿಸಿಕೊಳ್ಳಲಿಲ್ಲ. ಪ್ರಕರಣ ಲಂಡನ್ನಿನ ಕಂಪನಿ ನಿರ್ದೇಶಕರವರೆಗೂ ಹೋಯಿತು, ಮುಂದೆ ಅಂಬೇಡ್ಕರ್ ಇದನ್ನು ಮತ್ತೆ ಎತ್ತಿ ತೋರಿಸಿದರು. ಸರಕಾರದ ದುಡ್ಡಿನ ಶಾಲೆಯಲ್ಲೇ ಹೀಗಾದರೆ ಅಯ್ಯನವರ ಮಠದ ಮಾತು ಹೇಳುವುದೇ ಬೇಡ. ಪುಣೆಯಲ್ಲಿ 1848ರಲ್ಲಿ ಜೋತಿಬಾ ಫುಲೆ ಭಿಡೆವಾಡೆಯಲ್ಲಿ ಹೆಣ್ಣುಮಕ್ಕಳ ಶಾಲೆ ತೆರೆದಾಗ ಪಾಠ ಹೇಳಲು ನಡೆದು ಹೋಗುತ್ತಿದ್ದ ಸಾವಿತ್ರಿಬಾಯಿಯವರ ಮೇಲೆ ಸಗಣಿ, ಕೆಸರು ಎರಚುತ್ತಿದ್ದರು. ಶಾಲೆ ಮುಟ್ಟಿದ ಮೇಲೆ ಬದಲಿಸಲು ಅವರು ಇನ್ನೊಂದು ಸೀರೆ ಇಟ್ಟುಕೊಂಡಿರುತ್ತಿದ್ದರು ಎಂಬುದು ಪುಣೆಯವರೆಲ್ಲ ಬಲ್ಲ ಮಾತು. ಬೀದಿ ನೋಡುತ್ತಿದೆ ಎಂಬುದು ಒಬ್ಬರಿಗೆ ಕಾವಲಾದರೆ ಇನ್ನೊಬ್ಬರಿಗೆ ಅದೇ ಅಪಾಯ. ಈ ಆಕ್ಷೇಪಣೆಗೆ ಪೂರ್ತಿ ಉತ್ತರವಿದೆ ಎಂದು ನಟಿಸಬೇಕಾಗಿಲ್ಲ. ಎಲ್ಲ ಹಬ್ಬಗಳೂ ಒಂದೇ ರೀತಿ ಬೇಲಿ ಹಾಕಿಕೊಂಡಿರಲಿಲ್ಲ ಎಂದಷ್ಟೇ ಹೇಳಬಹುದು. ಗುರ್ಜಿ, ಕುಂಟೆತ್ತುಗಳಿಗೆ ಮಠದ ಹಾಜರಿ ಬೇಕಾಗಿರಲಿಲ್ಲ, ಓಣಿಯ ಹುಡುಗನಾದರೆ ಸಾಕಿತ್ತು. ಮಳೆಗಾಗಿ ಕೇಳುವವರನ್ನು ಗದರಿಸಿ ಕಳಿಸಲು ರೈತರ ಮನೆಗಳಿಗೆ ಧೈರ್ಯವಿರಲಿಲ್ಲ. ಆದರೂ ಓಣಿಗಳೇ ಜಾತಿಯ ಲೆಕ್ಕದಲ್ಲಿ ಹಂಚಿಹೋಗಿದ್ದವು. ಹಳೆಯ ಏರ್ಪಾಡಿನಿಂದ ಗುಂಪು, ಹಾಡು, ಹೊಸ್ತಿಲು, ಹೊಣೆ ಹೊತ್ತ ಹಿರಿಯ ಇವನ್ನು ತೆಗೆದುಕೊಳ್ಳಬಹುದು. ಪಟ್ಟಿಯಿಂದ ಯಾರನ್ನು ಹೊರಗಿಟ್ಟರು ಎಂಬುದನ್ನು ತೆಗೆದುಕೊಳ್ಳಬೇಕಾಗಿಲ್ಲ.

ತೆಗೆದುಕೊಳ್ಳಬೇಕಾಗಿಲ್ಲ ಎಂದರೂ ಹಿಂಜವಾಡಿಯಲ್ಲಿ ಅದು ತಾನಾಗಿಯೇ ಬಂದು ಕೂತಿದೆ. ಇದು ಮ್ಹಾತೋಬಾ ದೇವರ ಊರು. ಚೈತ್ರದ ಹನುಮ ಜಯಂತಿಗೆ ಇಲ್ಲಿ ಬಗಾಡ ನಡೆಯುತ್ತದೆ, ಕನ್ನಡದ ಸಿಡಿಯ ಹಾಗೆ. ಗಳ ಏರುವ ಹಕ್ಕು ಯಾವ ಮನೆತನದ್ದು, ರಥ ಯಾವ ದಾರಿಯಲ್ಲಿ ವಾಕಡಕ್ಕೆ ಹೋಗಬೇಕು ಎಂಬುದೆಲ್ಲ ಊರಿಗೆ ಗೊತ್ತು. 1990ರ ದಶಕದ ಕೊನೆಯಿಂದ ಮಹಾರಾಷ್ಟ್ರದ ಕೈಗಾರಿಕಾ ಅಭಿವೃದ್ಧಿ ನಿಗಮ (ಎಂಐಡಿಸಿ) ಇದೇ ಹೊಲಗಳಲ್ಲಿ ರಾಜೀವ್ ಗಾಂಧಿ ಇನ್ಫೊಟೆಕ್ ಪಾರ್ಕ್ ಎಬ್ಬಿಸಿತು. ಲಕ್ಷಾಂತರ ಮಂದಿ ನೌಕರಿಗೆ ಬರುವ ಈ ಜಾಗದ ಊರಾಡಳಿತ ಮಾತ್ರ ದೀರ್ಘಕಾಲ ಗ್ರಾಮ ಪಂಚಾಯಿತಿಯ ಕೈಯಲ್ಲೇ ಇತ್ತು. ಫುಟ್‌ಪಾತ್ ಇಲ್ಲದ ಕಡೆ ಬದುಕು ಕಾಂಪೌಂಡ್ ಗೋಡೆಯ ಒಳಗೆ ಸರಿಯಿತು. ಬೆಂಗಳೂರಿನಲ್ಲಿ ಹುಟ್ಟಿದ ಮೈಗೇಟ್‌ನಂಥ ಆ್ಯಪ್‌ಗಳು ಬಂದವು. ಹಾಲಿನವನು, ಕೆಲಸದ ಮೌಶಿ, ಕೊರಿಯರ್ ಹುಡುಗ ಯಾರೇ ಬಂದರೂ ವಾಚ್‌ಮನ್ ಕೇಳಿ ಒಪ್ಪಿಗೆ ಪಡೆದೇ ಬಿಡಬೇಕು. ಈ ಗೋಡೆಗಳನ್ನು ಕಟ್ಟಿದವರಲ್ಲಿ ಕಲಬುರಗಿ, ಯಾದಗಿರಿ, ವಿಜಯಪುರಗಳಿಂದ ಗುಳೆ ಬಂದ ಕನ್ನಡದ ಕೂಲಿಗಳೂ ಇದ್ದಾರೆ. ಅವರ ಮಕ್ಕಳು ತಗಡಿನ ಶೆಡ್ಡುಗಳಲ್ಲಿ ಇರುತ್ತಾರೆ. 50ಕ್ಕೂ ಹೆಚ್ಚು ಮಹಿಳಾ ಕಾರ್ಮಿಕರಿರುವ ಕಟ್ಟಡದ ಕೆಲಸದಲ್ಲಿ ಆರು ವರ್ಷದೊಳಗಿನ ಮಕ್ಕಳಿಗೆ ಕೂಸಿನ ಮನೆ ಇರಲೇಬೇಕು ಎಂದು 1996ರ ಕಟ್ಟಡ ಕಾರ್ಮಿಕರ ಕಾಯ್ದೆ 35ನೇ ಕಲಮಿನಲ್ಲಿ ಹೇಳಿತ್ತು. ಪುಣೆಯಲ್ಲಿ ತಾರಾ ಮೊಬೈಲ್ ಕ್ರೆಶಸ್‌ನಂಥ ಸಂಸ್ಥೆಗಳು ಕೆಲಸದ ಜಾಗಗಳಿಗೇ ಹೋಗಿ ಅಂಥ ಮನೆಗಳನ್ನು ನಡೆಸಿವೆ. ಮಣ್ಣೆತ್ತನ್ನು ಹಿಡಿದು ಬಾಗಿಲಿಗೆ ಬರುತ್ತಿದ್ದ ಹುಡುಗನ ಮೊಮ್ಮಗ ಈಗ ಗೇಟಿನ ಆಚೆ ಇದ್ದಾನೆ. ಫ್ಲ್ಯಾಟ್ ನಂಬರು ಕೇಳುವ ಯಾದಿಯಲ್ಲಿ ಅವನ ಹೆಸರು ಬರೆಯಲು ಖಾನೆ ಇಲ್ಲ.

ಗೋಡೆಯ ಪರವಾಗಿ ಹೇಳಬಹುದಾದ ಬಲವಾದ ಮಾತು ಒಂದಿದೆ: ಒಳಗೆ ವಾಹನಗಳಿಲ್ಲ. ಇದನ್ನು ಪೂರ್ತಿ ಒಪ್ಪಬೇಕು, ಏಕೆಂದರೆ ಹ್ಯಾಲೊವೀನ್ ಸಂಜೆ ಮಕ್ಕಳನ್ನು ನಿಜವಾಗಿ ಕೊಂದದ್ದು ರಸ್ತೆ. ಅಮೆರಿಕದ 1975ರಿಂದ 2016ರವರೆಗಿನ ಅಪಘಾತಗಳ ದಾಖಲೆ ನೋಡಿ 2019ರಲ್ಲಿ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಪ್ರಕಟವಾದ ಅಧ್ಯಯನ, ಆ ಸಂಜೆ ಪಾದಚಾರಿಗಳ ಸಾವಿನ ಅಪಾಯ ಹಿಂದಿನ ಮತ್ತು ಮುಂದಿನ ವಾರದ ಅದೇ ಹೊತ್ತಿಗಿಂತ 43 ಪ್ರತಿಶತ ಹೆಚ್ಚು ಎಂದು ತೋರಿಸಿತು. ನಾಲ್ಕರಿಂದ ಎಂಟು ವರ್ಷದವರಲ್ಲಿ ಅದು ಹತ್ತು ಪಟ್ಟು. ಹೆಚ್ಚು ಅಪಾಯದ ಹೊತ್ತು ಸಂಜೆ ಆರರ ಸುಮಾರು. ನಮ್ಮಲ್ಲಿ ಇನ್ನೊಂದು ತೊಡಕು ಸೇರಿಕೊಳ್ಳುತ್ತದೆ. 2024ರಲ್ಲಿ ಅಕ್ಟೋಬರ್ 31 ನರಕ ಚತುರ್ದಶಿಯ ದಿನವೇ ಬಂತು. ಹೊಸ್ತಿಲಲ್ಲಿ ಹಣತೆ, ಕೆಳಗೆ ಪಟಾಕಿ, ಮೈಮೇಲೆ ಪಾಲಿಯೆಸ್ಟರಿನ ಮೇಲಂಗಿ. ಅಂಥ ವರ್ಷ ಹಣತೆಗಳನ್ನು ಮೊಳಕಾಲಿಗಿಂತ ಮೇಲೆ ಇಡುವುದು, ಮೇಲಂಗಿ ಬದಲು ಮುಖಕ್ಕೆ ಬಣ್ಣ ಬಳಿಯುವುದು ನೂರು ಚಾಕೊಲೇಟ್ ಪರೀಕ್ಷಿಸುವುದಕ್ಕಿಂತ ಹೆಚ್ಚು ಉಪಯೋಗದ ಕೆಲಸ. ಮತ್ತೆ ರಸ್ತೆಗೆ ಬಂದರೆ, ಮಕ್ಕಳು ಒಂದು ಸೊಸೈಟಿಯಿಂದ ಇನ್ನೊಂದಕ್ಕೆ, ಸ್ಕೂಲ್ ಬಸ್ಸಿನಿಂದ ಗೇಟಿಗೆ, ಶೆಡ್ಡಿನಿಂದ ಅಂಗಡಿಗೆ ಹೋಗುವುದು ಅದೇ ರಸ್ತೆಯಲ್ಲೇ, ಕಾಂಕ್ರೀಟ್ ಮಿಕ್ಸರ್, ಡಂಪರ್‌ಗಳ ಪಕ್ಕದಲ್ಲಿ. ಹಿಂಜವಾಡಿಯಲ್ಲಿ ಭಾರಿ ವಾಹನಗಳಿಗೆ ಬೆಳಿಗ್ಗೆ ಸಂಜೆ ನಿರ್ಬಂಧ ಹಾಕುವುದು ಹೊಸದಲ್ಲ; 2018ರಲ್ಲಿ ಶುರುವಾದ ಪಿಂಪ್ರಿ-ಚಿಂಚವಡ ಪೊಲೀಸ್ ಆಯುಕ್ತಾಲಯ ಕಚೇರಿಯ ಗರ್ದಿಯ ಹೊತ್ತು ನೋಡಿ ಅಂಥ ಆದೇಶಗಳನ್ನು ಹೊರಡಿಸಿದೆ. ಹಬ್ಬದ ನಾಲ್ಕಾರು ಸಂಜೆ, ಅದು ಭೋಂಡ್ಲಾ ಆಗಲಿ, ಸಂಕ್ರಾಂತಿ ಆಗಲಿ, ಹ್ಯಾಲೊವೀನ್ ಆಗಲಿ, ಮಕ್ಕಳ ಹೊತ್ತು ನೋಡಿ ಅದನ್ನೇ ಕೇಳಲು ಬೇಕಾದದ್ದು ಸೊಸೈಟಿಗಳು ಮತ್ತು ಪಂಚಾಯಿತಿ ಕೂಡಿ ಕೊಡುವ ಒಂದು ಅರ್ಜಿ; ಅದಕ್ಕೆ ಸಹಿ ಹಾಕುವ ಹಿರಿಯರು ಯಾರೆಂಬುದು ಯಾದಿ ತಿರುಗುವ ವಾರಕ್ಕೆ ಮುಂಚೆಯೇ ಗೊತ್ತಾಗಿರಬೇಕು.